ಆನೆ ದಾಟಿತೇ? ಎಂಟರ್ ಒತ್ತಿದರೆ ಹೌದು

ಎಂಟರ್ ಕೀ ಒತ್ತಿದ ಸದ್ದು ಕೇಳಿಸಿದರೆ ಹತ್ತಿರದಲ್ಲಿ ಹತ್ತಬಹುದಾದ ಮರ ಯಾವುದಿದೆ ಎಂದು ನನ್ನ ಕಣ್ಣು ಈಗಲೂ ಹುಡುಕುತ್ತದೆ. ನಿವೃತ್ತಿಯಾದ ಮೇಲೂ ಈ ಚಾಳಿ ಬಿಟ್ಟಿಲ್ಲ. ಮೊನ್ನೆ ಬ್ಯಾಂಕಿನಲ್ಲಿ ಕೌಂಟರಿನ ಹುಡುಗಿ ಟಪ್ಪೆಂದು ಒತ್ತಿದಳು. ನಾನು ಗೋಡೆ ಬದಿಯ ಕಬ್ಬಿಣದ ಬೀರುವಿನ ಎತ್ತರ ಅಳೆಯುತ್ತ ನಿಂತಿದ್ದೆ. "ಏನಾದ್ರೂ ಬೇಕಿತ್ತಾ ಮೇಡಂ?" ಎಂದಳು. "ಏನೂ ಬೇಡಮ್ಮ, ಸ್ವಲ್ಪ ನಿಧಾನ ಒತ್ತು" ಎಂದೆ.

ಪ್ರೋಗ್ರಾಮಿಂಗ್ ಕಲಿಯಲು ಈಗಷ್ಟೇ ಕೂತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಮೊದಲ ವಾರದಲ್ಲೇ ಕಲಿಸುತ್ತಾರೆ: ಪ್ರೋಗ್ರಾಮ್ ಒಂದು ಪ್ರಶ್ನೆ ಕೇಳುತ್ತದೆ, ಬಳಸುವವರು ಉತ್ತರ ಟೈಪ್ ಮಾಡಿ ಎಂಟರ್ ಒತ್ತುತ್ತಾರೆ, ಆ ಉತ್ತರಕ್ಕೊಂದು ಹೆಸರು ಕೊಟ್ಟು ನೀವು ಮುಂದೆ ಹೋಗುತ್ತೀರಿ. ಒಂದು ಸಾಲಿನ ಕೆಲಸ. ಎರಡನೇ ವಾರ ಅದನ್ನು ಮರೆತು ದೊಡ್ಡ ದೊಡ್ಡ ಪಾಠಗಳಿಗೆ ಹಾರುತ್ತೀರಿ. ನಾನು ಮಾತ್ರ ಆ ಒಂದು ಸಾಲಿನಲ್ಲೇ ಇಡೀ ನೌಕರಿ ಕಳೆದೆ. ಆ ಸಾಲಿನಲ್ಲಿ ತರತರದ ಮನುಷ್ಯರು ಸಿಕ್ಕರು. ಒಮ್ಮೆ ಆನೆಯೂ ಸಿಕ್ಕಿತು.

ನನ್ನೂರು ಶನಿವಾರಸಂತೆ. ಬಿ.ಎಸ್ಸಿ. ಮುಗಿಸಿ, ಕಂಪ್ಯೂಟರ್ ಡಿಪ್ಲೊಮಾ ಒಂದನ್ನು ಮಾಡಿಕೊಂಡು, ತಿತಿಮತಿ ಕಡೆಯ ಒಂದು ಕಾಫಿ ಎಸ್ಟೇಟಿನ ಆಫೀಸಿಗೆ ಸೇರಿದೆ. ಕಂಪ್ಯೂಟರ್ ಇಟ್ಟಿದ್ದ ಕೋಣೆ ಅದಕ್ಕೂ ಮೊದಲು ಗೊಬ್ಬರದ ಉಗ್ರಾಣವಾಗಿತ್ತು. ಫ್ಯಾನ್ ಹಾಕಿದರೆ ಈಗಲೂ ಯೂರಿಯಾ ವಾಸನೆ ಏಳುತ್ತದೆ ಎನ್ನುತ್ತಾರೆ. ಪರದೆ ಕಪ್ಪು. ಚಿತ್ರವಿಲ್ಲ, ಬಟನ್ನಿಲ್ಲ, ಮೌಸ್ ಹಿಡಿಯುವ ಕೆಲಸವಿಲ್ಲ. ಒಂದು ಪ್ರಶ್ನೆ ಮೂಡುತ್ತದೆ, ಅದರ ಪಕ್ಕ ಕರ್ಸರ್ ಮಿಟುಕುತ್ತ ಕಾಯುತ್ತದೆ. ಕಮಾಂಡ್‌ಲೈನ್ ಎಂದರೆ ಇಷ್ಟೇ. ಪ್ರಶ್ನೆ ಬರೆಯುವವಳು ನಾನು, ಉತ್ತರ ಟೈಪ್ ಮಾಡುವವರು ಲಲಿತಕ್ಕ, ಇಬ್ಬರನ್ನೂ ಬೈಯುವವರು ಮ್ಯಾನೇಜರ್ ಬೋಪಣ್ಣ ಸಾರ್.

ಲಲಿತಕ್ಕ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ರೈತರ ಮನೆಯ ಹೆಣ್ಣು. ವಿರಾಜಪೇಟೆಯಲ್ಲಿ ಟೈಪಿಂಗ್ ಕಲಿತವರು. ಅವರ ವೇಗ ಎಂಥದೆಂದರೆ, ಅವರು ಟೈಪ್ ಮಾಡುವ ಸದ್ದು ಕೇಳಿ ಮಳೆ ಬಂತೆಂದು ಪಕ್ಕದ ಕೋಣೆಯವರು ಕಣದಲ್ಲಿ ಹರವಿದ ಕಾಫಿ ಒಟ್ಟುಮಾಡಲು ಓಡಿದ್ದುಂಟು. ಬೋಪಣ್ಣ ಸಾರ್ ಮನಸ್ಸು ಬೆಣ್ಣೆ; ಆದರೆ ಆ ಬೆಣ್ಣೆಗೆ ಒಂದು ಹಿಡಿ ಕಾಳುಮೆಣಸು ಬಿದ್ದಿತ್ತು.

ನಾನು ಬರೆದ ಮೊದಲ ಪ್ರೋಗ್ರಾಮ್, ಆಯಾ ದಿನ ಕಿತ್ತ ಕಾಫಿ ಹಣ್ಣಿನ ತೂಕ ಬರೆದಿಡುವುದು. ಪರದೆಯಲ್ಲಿ "ತೂಕ?" ಎಂದು ಕೇಳುತ್ತಿತ್ತು. ಲಲಿತಕ್ಕ ಐವತ್ತೆರಡು ಎಂದು ಅಂಕಿಯಲ್ಲಿ ಹಾಕಿ, ಮುಂದೆ ಕೆಜಿ ಎಂದೂ ಸೇರಿಸಿದರು. ಪ್ರೋಗ್ರಾಮಿಗೆ ಬೇಕಿದ್ದದ್ದು ಬರೀ ಅಂಕಿ. ಅದು ಅಲ್ಲೇ ಸತ್ತುಬಿತ್ತು. ಸಾಯುವಾಗ ಬೆಳಗಿನಿಂದ ಟೈಪ್ ಮಾಡಿದ್ದನ್ನೆಲ್ಲ ಜೊತೆಗೇ ಕರೆದುಕೊಂಡು ಹೋಯಿತು.

"ಕೆಜಿ ಯಾಕೆ ಹಾಕಿದ್ರಿ ಅಕ್ಕ?" ಎಂದೆ.

"ತೂಕ ಎಷ್ಟು ಅಂತ ಕೇಳಿದ್ರೆ ಬರೀ ಐವತ್ತೆರಡು ಅಂತ ಯಾರಾದ್ರೂ ಹೇಳ್ತಾರೇನೇ? ಐವತ್ತೆರಡು ಎಂತದು? ಚಟಾಕಾ, ಮೂಟೆನಾ?"

ಅವರ ಮಾತು ನ್ಯಾಯವಾಗಿತ್ತು. ಅಂದಿನಿಂದ ಪ್ರಶ್ನೆ ಉದ್ದವಾಯಿತು: "ತೂಕ ಎಷ್ಟು ಕೆಜಿ? ಅಂಕಿ ಮಾತ್ರ ಹಾಕಿ." ಆದರೂ ಅಭ್ಯಾಸಬಲದಿಂದ ಕೆಜಿ ಬಂದೇ ಬರುತ್ತಿತ್ತು, ಬಂದರೆ ಪ್ರೋಗ್ರಾಮೇ ಅದನ್ನು ಕತ್ತರಿಸಿ ಎಸೆಯುವ ಹಾಗೆ ಮಾಡಿದೆ. ಹಿಂದೆ ಮುಂದೆ ಅಂಟಿಕೊಂಡು ಬರುವ ಖಾಲಿ ಜಾಗವನ್ನೂ ಹಾಗೇ ಉದುರಿಸಿದೆ. ಒಂದೊಂದು ತೂಕವನ್ನೂ ಬಂದ ತಕ್ಷಣ ಡಿಸ್ಕಿಗೆ ಬರೆದಿಟ್ಟೆ. ಪ್ರೋಗ್ರಾಮ್ ಬೇಕಾದರೆ ಸಾಯಲಿ, ಲಲಿತಕ್ಕನ ಬೆಳಗು ಸಾಯಬಾರದು.

ಮುಂದಿನ ಸಮಸ್ಯೆ ಹಿಡಿಯುವಷ್ಟರಲ್ಲಿ ನನ್ನ ತಲೆಕೂದಲು ಉದುರಿತು. ಹದಿನೈದು ಎಂದು ಹಾಕಿದರೆ ಪ್ರೋಗ್ರಾಮ್ ಒಪ್ಪುತ್ತಿರಲಿಲ್ಲ, ಇಪ್ಪತ್ತೈದು ಒಪ್ಪುತ್ತಿತ್ತು. ನಾನು ಹಾಕಿದರೆ ಹದಿನೈದೂ ಸರಿಯಾಗಿ ಹೋಗುತ್ತಿತ್ತು. ಪರದೆಯಲ್ಲಿ ನೋಡಿದರೆ ಇಬ್ಬರದೂ ಒಂದೇ ತರ. "ನಿನ್ ಕೈಗುಣ" ಎಂದು ಲಲಿತಕ್ಕ ನಕ್ಕರು. ಕೊನೆಗೊಂದು ದಿನ ಪರದೆ ಬಿಟ್ಟು ಅವರ ಬೆರಳುಗಳನ್ನೇ ನೋಡುತ್ತ ಕೂತೆ. ಅವರು ಕಲಿತ ಹಳೆಯ ಟೈಪ್‌ರೈಟರಿನಲ್ಲಿ ಒಂದು ಎಂಬ ಅಂಕಿಯ ಕೀಲಿಯೇ ಇರಲಿಲ್ಲವಂತೆ. ಅದರ ಬದಲು ಇಂಗ್ಲಿಷಿನ ಸಣ್ಣ ಎಲ್ ಅಕ್ಷರ ಹೊಡೆಯುವುದು. ಕಾಗದದ ಮೇಲೆ ಎರಡೂ ಒಂದು ಗೀಟು. ಕಂಪ್ಯೂಟರಿಗೆ ಮಾತ್ರ ಒಂದು ಅಂಕಿ, ಇನ್ನೊಂದು ಅಕ್ಷರ.

ಈ ಎರಡು ಪ್ರಸಂಗಗಳಿಂದ ನಾನು ಕಲಿತದ್ದು ಇಷ್ಟು: ಬಂದ ಉತ್ತರವನ್ನು ನಂಬಿ ನೇರ ಲೆಕ್ಕಕ್ಕೆ ತಳ್ಳಬೇಡಿ. ಮೊದಲು ಎಲ್ಲವನ್ನೂ ಅಕ್ಷರಗಳ ಸಾಲಾಗಿಯೇ ತೆಗೆದುಕೊಳ್ಳಿ, ಅಂಕಿಯಾಗುತ್ತದೆಯೇ ನೋಡಿ, ಆಗದಿದ್ದರೆ ಮತ್ತೆ ಕೇಳಿ. ಸರಿಯಾದುದು ಬರುವವರೆಗೆ ಲೂಪಿನಲ್ಲಿ ಕೂತು ಕೇಳುತ್ತಲೇ ಇರಿ, ಮನೆಗೆ ಬಂದ ನೆಂಟರನ್ನು ಊಟಕ್ಕೆ ಕರೆಯುವ ಹಾಗೆ.

ಆದರೆ ಹೇಗೆ ಕೇಳುತ್ತೀರಿ ಎನ್ನುವುದೂ ಮುಖ್ಯ. ನಾನು ಹಾಕಿದ್ದ ಮಾತು: "ತಪ್ಪು. ಮತ್ತೆ ಹಾಕು." ಅದು ಎದುರಿಗೆ ಬಂದ ದಿನ ಲಲಿತಕ್ಕ ಕಂಪ್ಯೂಟರ್ ಆರಿಸಿ, ಕುರ್ಚಿಯನ್ನು ಗೋಡೆಗೆ ತಿರುಗಿಸಿ ಕೂತರು.

"ಏನಾಯ್ತಕ್ಕ?"

"ನಿನ್ ಯಂತ್ರಕ್ಕೆ ಮನೇಲಿ ಹಿರಿಯರು ಇಲ್ವೇನೇ? ಹಾಕು ಅಂತೆ. ನಮ್ಮತ್ತೆನೂ ನನ್ನ ಹಂಗೆ ಮಾತಾಡ್ಸಿಲ್ಲ. ತಪ್ಪು ಅಂದ್ರೆ ಎಲ್ಲಿ ತಪ್ಪು? ಅದನ್ನಾದ್ರೂ ಬೊಗಳ್ಬೇಕಲ್ವಾ?"

ಮರುದಿನ ಮಾತು ಬದಲಾಯಿತು: "ಲಲಿತಕ್ಕ, ತೂಕದ ಜಾಗದಲ್ಲಿ ಅಕ್ಷರ ಬಂದಿದೆ. ದಯವಿಟ್ಟು ಅಂಕಿ ಹಾಕಿ." ಅವರು ಖುಷಿಯಾದರು. ತಪ್ಪು ಕಡಿಮೆಯೂ ಆಯಿತು, ಏಕೆಂದರೆ ಎಲ್ಲಿ ತಪ್ಪಿದೆ ಎಂದು ಈಗ ಗೊತ್ತಾಗುತ್ತಿತ್ತು. ಆಮೇಲೆ ಅವರೊಂದು ವಾರ ಅಣ್ಣನ ಮಗಳ ಮದುವೆಗೆ ರಜೆ ಹೋದರು, ಆ ಕುರ್ಚಿಯಲ್ಲಿ ಬೋಪಣ್ಣ ಸಾರ್ ತಾವೇ ಕೂತರು. ಟೈಪಿಂಗ್ ಬಾರದ ಮನುಷ್ಯ. ಇಡೀ ದಿನ ಕಂಪ್ಯೂಟರ್ ಅವರನ್ನು "ಲಲಿತಕ್ಕ, ಲಲಿತಕ್ಕ" ಎಂದು ಕರೆದು ತಿದ್ದಿತು. ಸಂಜೆ ಹೊರಗೆ ಬಂದವರು, "ಸುಮಾ, ಯಾರು ಕೂತಿದ್ದಾರೆ ಅಂತ ಮೊದಲು ಕೇಳ್ಲಿಕ್ಕೆ ಹೇಳಿ ಅದಕ್ಕೆ" ಎಂದರು. ನಾನು ಕೆಮ್ಮು ಬಂದವಳಂತೆ ಸೆರಗು ಬಾಯಿಗೆ ಒತ್ತಿಕೊಂಡೆ.

ಲಲಿತಕ್ಕನ ಇನ್ನೊಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಅವರು ಎಂಟರ್ ಕೀಯನ್ನು ಒಂದು ಸಲ ಒತ್ತುತ್ತಿರಲಿಲ್ಲ. ಟಪ್ ಎಂದು ಒಮ್ಮೆ ಜೋರಾಗಿ, ಅದರ ಬೆನ್ನಿಗೇ ಮೆತ್ತಗೆ ಇನ್ನೊಮ್ಮೆ.

"ಎರಡು ಸಲ ಯಾಕಕ್ಕ?"

"ಊಟಕ್ಕೆ ಕೂತೋರಿಗೆ ಒಂದೇ ಸಲ ಬಡಿಸಿ ಎದ್ದು ಹೋಗ್ತಾರೇನೇ? ಅದು ಒಳ್ಳೇದಲ್ಲ. ಎರಡ್ನೇ ಸಲ ಒಂದ್ ಅಗುಳಾದ್ರೂ ಎಲೆ ಮೇಲೆ ಬೀಳ್ಬೇಕು."

"ಇದು ಎಲೆ ಅಲ್ಲಕ್ಕ, ಕೀಬೋರ್ಡು."

"ಅನ್ನ ಕೊಡ್ತದೋ ಇಲ್ವೋ? ಮತ್ತೆ?"

ನನ್ನ ಪ್ರೋಗ್ರಾಮುಗಳಲ್ಲಿ ಅದರಿಂದ ತೊಂದರೆ ಇರಲಿಲ್ಲ. ಏನೂ ಟೈಪ್ ಮಾಡದೆ ಬರೀ ಎಂಟರ್ ಬಂದರೆ ಅದನ್ನು ಉತ್ತರವೆಂದು ಎಣಿಸದೆ ಮತ್ತೆ ಪ್ರಶ್ನೆ ಕೇಳುವಂತೆ ಬರೆದಿದ್ದೆ. ಅಕ್ಕನ ಎರಡನೇ ಅಗುಳು ವರ್ಷಗಟ್ಟಲೆ ಹಾಗೇ ನೆಲಕ್ಕೆ ಬಿದ್ದು ಹೋಗುತ್ತಿತ್ತು, ಯಾರಿಗೂ ಕೇಡಾಗಲಿಲ್ಲ.

ನಾನು ನಿವೃತ್ತಿಗೆ ಹತ್ತಿರವಾಗಿದ್ದಾಗ ಆನೆಗಳ ಓಡಾಟ ಹೆಚ್ಚಾಯಿತು. ತಿತಿಮತಿ ಕಡೆಯ ತೋಟಗಳಲ್ಲಿ ಕಾಡಿಗೂ ಕಾಫಿಗೂ ನಡುವೆ ಇರುವುದು ಒಂದು ಕಂದಕ, ಒಂದು ಬೇಲಿ. ಆನೆಗೆ ಅವೆರಡೂ ಸಲಹೆಗಳು ಮಾತ್ರ. ರೊಬಸ್ಟಾ ಕಾಫಿ ಗಿಡಗಳು ಆಳೆತ್ತರಕ್ಕಿಂತ ಹೆಚ್ಚು ಬೆಳೆದು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅದರೊಳಗೆ ಆನೆ ನಿಂತರೆ ನಾಲ್ಕು ಮಾರು ದೂರದವರಿಗೂ ಕಾಣುವುದಿಲ್ಲ. ಹಣ್ಣು ಕೀಳುವ ಹೆಂಗಸರು ಅಂಥ ಸಾಲುಗಳೊಳಗೆ ಬಗ್ಗಿಕೊಂಡೇ ನುಗ್ಗಬೇಕು.

ಎಸ್ಟೇಟಿನಲ್ಲಿ ಒಂದು ವ್ಯವಸ್ಥೆ ಮಾಡಿದರು. ಬೇಲಿ ಬದಿಯ ವಾಚರ್ ಆನೆ ಕಂಡರೆ ನಮ್ಮ ಕೋಣೆಗೆ ಫೋನ್ ಮಾಡುತ್ತಾನೆ, ಲಲಿತಕ್ಕ ತೋಟದ ಆ ಭಾಗದ, ಅಂದರೆ ಬ್ಲಾಕಿನ, ನಂಬರ್ ಟೈಪ್ ಮಾಡುತ್ತಾರೆ, ಅಲ್ಲಿನ ಮೇಸ್ತ್ರಿಗಳ ಫೋನಿಗೆ ಧ್ವನಿ ಸಂದೇಶ ಹೋಗುತ್ತದೆ: ಆನೆ ಇದೆ, ಒಳಗೆ ಹೋಗಬೇಡಿ. ಆನೆ ದಾಟಿದ ಮೇಲೆ ವಾಚರ್ ಮತ್ತೆ ತಿಳಿಸುತ್ತಾನೆ. ಕೆಲಸಕ್ಕೆ ಹೋಗಬಹುದು ಎಂಬ ಎರಡನೇ ಸಂದೇಶ ಹೋಗುತ್ತದೆ. ಆ ಎರಡನೇ ಸಂದೇಶವನ್ನು ನಂಬಿ ಮನುಷ್ಯರು ಗಿಡಗಳ ನಡುವೆ ಕಾಲಿಡುತ್ತಾರೆ. ಇದರಲ್ಲಿ ತಪ್ಪಾದರೆ ತೂಕದಲ್ಲಿ ತಪ್ಪಿದ ಹಾಗಲ್ಲ.

ಈ ಪ್ರೋಗ್ರಾಮ್ ಬರೆದವರು ಬೋಪಣ್ಣ ಸಾರ್. ಅವರು ಅಷ್ಟರಲ್ಲಿ ಇಂಟರ್‌ನೆಟ್ಟಿನಲ್ಲಿ ನೋಡಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದರು. ಹೊಸದಾಗಿ ಕಾರು ಕಲಿತವರು ಅಂಗಡಿಗೂ ಕಾರಲ್ಲೇ ಹೋಗುವಂತೆ, ಕಂಡದ್ದಕ್ಕೆಲ್ಲ ಪ್ರೋಗ್ರಾಮ್ ಬರೆಯುತ್ತಿದ್ದರು. ನನ್ನ ಪ್ರೋಗ್ರಾಮುಗಳನ್ನು ಕಂಡರೆ ಅವರಿಗೆ ಮೊದಲಿಂದಲೂ ಆಗದು.

"ಎಂತ ಸುಮಾ ಇದು, ನಿಮ್ಮದು ಪೊಲೀಸ್ ಸ್ಟೇಷನ್ ತರ. ಹೆಸರೇನು, ಊರೇನು, ಖಚಿತವಾ, ನಿಜವಾಗಿ ಖಚಿತವಾ. ಪ್ರೋಗ್ರಾಮ್ ಅಂದ್ರೆ ಬೇಟೆ ನಾಯಿ ತರ ಇರ್ಬೇಕು. ಶಿಳ್ಳೆ ಹೊಡೆದ್ರೆ ಓಡ್ಬೇಕು."

ಅವರ ಬೇಟೆ ನಾಯಿ ಎರಡೇ ಪ್ರಶ್ನೆ ಕೇಳುತ್ತಿತ್ತು. ಮೊದಲನೆಯದು: "ಆನೆ ಇರುವ ಬ್ಲಾಕ್?" ನಂಬರ್ ಹಾಕಿದರೆ ಎಚ್ಚರಿಕೆ ಹೋಗುತ್ತದೆ. ಆಮೇಲೆ ಎರಡನೆಯದು ಪರದೆಯ ಮೇಲೆ ಕಾಯುತ್ತ ನಿಲ್ಲುತ್ತದೆ: "ಆನೆ ದಾಟಿತೇ? ಎಂಟರ್ ಒತ್ತಿದರೆ ಹೌದು." ಸಂದೇಶದ ಧ್ವನಿಯೂ ಅವರದೇ. ಮೂರು ದಿನ ಜೇನುತುಪ್ಪ ಕುಡಿದು ರೆಕಾರ್ಡ್ ಮಾಡಿದ್ದರು.

"ಸಾರ್, ಬರೀ ಎಂಟರಿಗೆ ಹೌದು ಅಂತ ಅರ್ಥ ಬೇಡ. ಕೈ ತಪ್ಪಿ ಬಿದ್ರೆ?"

"ಕೈ ಯಾಕೆ ತಪ್ತದೆ? ನಾನು ಐವತ್ತು ಸಲ ನೋಡಿದ್ದೇನೆ."

"ಒಂದ್ಸಲ ಲಲಿತಕ್ಕ ಕೂತು ನೋಡ್ಲಿ ಸಾರ್."

"ಎಂಟರ್ ಒತ್ತೋದಕ್ಕೆ ರಿಹರ್ಸಲ್ ಬೇಕಾ? ನೀವೊಬ್ರು!"

ಅವರು ಪರೀಕ್ಷೆ ಮಾಡಿದ್ದು ತಮ್ಮದೇ ಬೆರಳಿನಲ್ಲಿ. ಆ ಬೆರಳು ಬಡಿಸುವವರದಲ್ಲ, ಉಣ್ಣುವವರದು. ಎಂಟರನ್ನು ಒಂದೇ ಸಲ ಒತ್ತುತ್ತಿತ್ತು.

ಪ್ರೋಗ್ರಾಮ್ ಶುರುವಾದ ಮೊದಲ ದಿನ, ಸಂದೇಶ ತೋಟದಲ್ಲಿ ಸರಿಯಾಗಿ ಕೇಳಿಸುತ್ತದೆಯೇ ಎಂದು ನೋಡಲು ನನ್ನನ್ನು ಕೆರೆಮೂಲೆ ಬ್ಲಾಕಿಗೆ ಕಳಿಸಿದರು. ಬೆಳಗಿನ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಮೇಸ್ತ್ರಿ ಮಣಿಯಣ್ಣ ಹೆಂಗಸರಿಗೆ ಸಾಲು ಹಂಚಿ ಮುಗಿಸಿದ್ದ. ಚಿನ್ನಮ್ಮ ಎಂಬಾಕೆ, ಕೂಲಿಯವರ ಲೈನ್ ಮನೆಗಳಲ್ಲೇ ಬಾಯಿ ಜೋರಿನವಳು, ಗಿಡದ ಕೆಳಗೆ ಹಾಸುವ ಟಾರ್ಪಾಲನ್ನು ಹೆಗಲಿಗೆ ಹಾಕಿಕೊಂಡು ನನ್ನ ಚಪ್ಪಲಿ ನೋಡಿ ನಗುತ್ತಿದ್ದಳು. "ಮೇಡಂ ಮದ್ವೆಗೆ ಬಂದಿದ್ದೀರಾ, ತೋಟಕ್ಕೆ ಬಂದಿದ್ದೀರಾ?"

ಮಣಿಯಣ್ಣನ ಫೋನ್ ಬಡಿಯಿತು. ಸ್ಪೀಕರಿನಲ್ಲಿ ಬೋಪಣ್ಣ ಸಾರ್ ದನಿ ಗಂಭೀರವಾಗಿ ಹೇಳಿತು: "ಕೆರೆಮೂಲೆ ಬ್ಲಾಕಿನಲ್ಲಿ ಆನೆ ಇದೆ. ಯಾರೂ ಒಳಗೆ ಹೋಗಬೇಡಿ. ಕೇಳಿಸಿದ್ದರೆ ಒಂದನ್ನು ಒತ್ತಿ." ಮಣಿಯಣ್ಣ ಒತ್ತಿದ. ಎಲ್ಲರೂ ರಸ್ತೆಗೆ ಹಿಂದೆ ಸರಿದರು. ನಾನು ಒಳಗೊಳಗೇ ಹಿಗ್ಗಿದೆ. ಎಷ್ಟು ಸ್ಪಷ್ಟ, ಎಷ್ಟು ಬೇಗ!

ಒಬ್ಬರು ಕೆಮ್ಮಿ ಸುಧಾರಿಸಿಕೊಳ್ಳುವಷ್ಟು ಹೊತ್ತು ಹೋಯಿತು. ಫೋನ್ ಮತ್ತೆ ಬಡಿಯಿತು. ಅದೇ ದನಿ: "ಆನೆ ದಾಟಿ ಹೋಗಿದೆ. ಎಲ್ಲರೂ ಕೆಲಸಕ್ಕೆ ಹೋಗಬಹುದು. ಕೇಳಿಸಿದ್ದರೆ ಒಂದನ್ನು ಒತ್ತಿ."

"ಇಷ್ಟು ಬೇಗ್ನಾ?" ಎಂದಳು ಚಿನ್ನಮ್ಮ. "ಆನೆ ಬೈಕ್ ತಗೊಂಡಿದೆಯಾ?"

ಎಲ್ಲರೂ ನಕ್ಕರು. ನಗುವಿನಲ್ಲಿ ಮಣಿಯಣ್ಣ ಒಂದನ್ನು ಒತ್ತದೆ ಫೋನನ್ನು ಜೇಬಿಗೆ ಹಾಕಿಕೊಂಡ.

ಈ ಜಾಗದಲ್ಲೇ ನನ್ನ ನೆನಪು ಗಾಡಿಯ ಚಕ್ರ ಕೆಸರಲ್ಲಿ ತಿರುಗಿದ ಹಾಗೆ ತಿರುಗುತ್ತದೆ. ಅಕ್ಕಿ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಯಾರೋ ಏನೋ ಹೇಳುತ್ತಿರುವಾಗ, ನಾನು ಮತ್ತೆ ಆ ರಸ್ತೆಯಲ್ಲಿ ನಿಂತಿರುತ್ತೇನೆ. ವಾಚರ್ ಮತ್ತೆ ಫೋನ್ ಮಾಡಬೇಕು, ಲಲಿತಕ್ಕ ಎತ್ತಬೇಕು, ಮಾತು ಮುಗಿಯಬೇಕು. ಒಂದು ಕೆಮ್ಮಿನಷ್ಟು ಹೊತ್ತಿನಲ್ಲಿ ಇದೆಲ್ಲ ಹೇಗಾಯಿತು? ನಾನು ಲಲಿತಕ್ಕನಿಗೆ ಫೋನ್ ಮಾಡಿದೆ. ನನ್ನ ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. "ಮಣಿಯಣ್ಣ, ಒಂದ್ನಿಮಿಷ ನಿಲ್ಸಿ" ಎಂದೆ.

"ಸಾರೇ ಹೇಳಿದ್ದಲ್ವಾ ಮೇಡಂ? ಆಮೇಲೆ ಯಾಕೆ ನಿಲ್ಸಿದೆ ಅಂತ ನನ್ನನ್ನೇ ಬೈತಾರೆ."

ಅಷ್ಟರಲ್ಲಿ ಚಿನ್ನಮ್ಮ ತನ್ನ ಸಾಲಿನೊಳಗೆ ಹೋಗಿಯಾಗಿತ್ತು. ಅವಳ ಆಚೆ ಗಿಡಗಳ ಮಧ್ಯೆ ಬೂದು ಬಣ್ಣದ ಬಂಡೆಯೊಂದು ನನಗೆ ಕಂಡಿತು. ತೋಟದಲ್ಲಿ ಬಂಡೆಗಳಿಗೇನು ಬರ. ಆದರೆ ಈ ಬಂಡೆ ಕಿವಿ ಬೀಸಿತು.

ಕೂಗಿದೆ ಎಂದು ನಾನು ಆಮೇಲೆ ಎಲ್ಲರಿಗೂ ಹೇಳಿದೆ. ಇಲ್ಲ, ಬಾಯಿ ತೆರೆದಿತ್ತು ಅಷ್ಟೇ. ಕೂಗಿದವನು ಮಣಿಯಣ್ಣ. ಹೆಂಗಸರು ರಸ್ತೆಗೆ ಹಾರಿದರು. ನಾನು ಹತ್ತಿರದ ಸಿಲ್ವರ್ ಓಕ್ ಮರ ಹತ್ತಿದೆ. ಅದಕ್ಕೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿ ಹಿಡಿದು ಬಹಳ ಮೇಲೆ ಹೋಗಿದ್ದೇನೆಂದೇ ತಿಳಿದಿದ್ದೆ. ನನ್ನ ಕಾಲು ನೆಲದಿಂದ ಒಂದು ಗೇಣು ಮೇಲಿತ್ತು ಎಂದು ಮಣಿಯಣ್ಣ ಈಗಲೂ ಊರೆಲ್ಲ ಹೇಳುತ್ತಾನೆ.

ಚಿನ್ನಮ್ಮನಿಗೆ ರಸ್ತೆಯವರೆಗೆ ಓಡಲು ದಾರಿ ಇರಲಿಲ್ಲ. ಮಳೆನೀರು ಇಂಗಲೆಂದು ಸಾಲುಗಳ ನಡುವೆ ತೋಡುವ ಉದ್ದನೆಯ ತೊಟ್ಟಿಲು ಗುಂಡಿ ಒಂದಿತ್ತು. ಅದರೊಳಗೆ ಉರುಳಿ, ಟಾರ್ಪಾಲನ್ನು ಮೈಮೇಲೆ ಎಳೆದುಕೊಂಡಳು. ಆನೆ ಎರಡು ಹೆಜ್ಜೆ ಬಂತು. ಸೊಂಡಿಲನ್ನು ಇಳಿಬಿಟ್ಟು ಟಾರ್ಪಾಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಅಂಗಡಿಯಲ್ಲಿ ಸೀರೆ ನೋಡುವವರ ಹಾಗೆ, ಮೆಲ್ಲಗೆ ಮುಟ್ಟುತ್ತ ಹೋಯಿತು. ಟಾರ್ಪಾಲು ಅಲುಗಲಿಲ್ಲ. ಅಷ್ಟು ಅಲುಗದೆ ಮನುಷ್ಯರು ಇರಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಆನೆಯ ಮುಂಗಾಲು ಗುಂಡಿಯ ಅಂಚಿಗೆ ಬಂದು, ಮಣ್ಣು ಒಳಗೆ ಉದುರಿತು.

ಆಗ ಮಣಿಯಣ್ಣನ ಜೇಬಿನಲ್ಲಿ ಫೋನ್ ಮತ್ತೆ ಬಡಿಯಿತು.

ಒಂದನ್ನು ಒತ್ತದಿದ್ದರೆ ಸಂದೇಶ ಮತ್ತೆ ಮತ್ತೆ ಬರುವಂತೆ ಅವರು ಬರೆದಿದ್ದರು. ಪ್ರೋಗ್ರಾಮಿನಲ್ಲಿ ಸರಿಯಾಗಿ ಕೆಲಸ ಮಾಡಿದ ಭಾಗ ಅದೊಂದೇ. ಮಣಿಯಣ್ಣ ಅದನ್ನು ನಿಲ್ಲಿಸಲು ಎಲ್ಲೆಲ್ಲೋ ಒತ್ತಿದ. ಫೋನ್ ಕರೆ ಎತ್ತಿಕೊಂಡಿತು, ಸ್ಪೀಕರ್ ಆನ್ ಆಯಿತು. "ಆನೆ ದಾಟಿ ಹೋಗಿದೆ!" ಎಂದು ಬೋಪಣ್ಣ ಸಾರ್ ದನಿ ಇಡೀ ಬ್ಲಾಕಿಗೆ ಕೇಳುವಂತೆ ಸಾರಿತು. ಆನೆ ತಲೆ ಎತ್ತಿ ಅವನ ಕಡೆ ತಿರುಗಿತು. ಮಣಿಯಣ್ಣ ಕೆಂಡ ಮುಟ್ಟಿದವನಂತೆ ಫೋನನ್ನು ದೂರ ಎಸೆದ. ಅದು ಗುಂಡಿಯ ಆಚೆ, ಇನ್ನೊಂದು ಸಾಲಿನಲ್ಲಿ ಬಿದ್ದು, ಅಲ್ಲಿಂದಲೇ ಜೇನು ಸುರಿಯುವ ದನಿಯಲ್ಲಿ "ಎಲ್ಲರೂ ಕೆಲಸಕ್ಕೆ ಹೋಗಬಹುದು" ಎಂದಿತು. ಆನೆ ಗುಂಡಿ ಬಿಟ್ಟು ಆ ದನಿಯ ಬಳಿಗೆ ಹೋಯಿತು. ಸೊಂಡಿಲಿನಿಂದ ಮೂಸಿತು. "ಕೇಳಿಸಿದ್ದರೆ..." ಎನ್ನುವಷ್ಟರಲ್ಲಿ ಅದರ ಮೇಲೆ ಕಾಲಿಟ್ಟಿತು. ಆಮೇಲೆ ನಮ್ಮ ಯಾರನ್ನೂ ನೋಡದೆ, ಗಿಡಗಳನ್ನು ಬಾಚಿಕೊಂಡು ಕೆರೆಯ ಕಡೆಗೆ ಇಳಿಯಿತು.

ಕೊಂಬೆ ಮುರಿಯುವ ಸದ್ದು ದೂರವಾದ ಮೇಲೆ ಟಾರ್ಪಾಲು ಸ್ವಲ್ಪ ಎದ್ದಿತು. ಮಣ್ಣು ಮೆತ್ತಿದ ಮುಖ ಹೊರಗೆ ಬಂತು.

"ಒಂದನ್ನ ಒತ್ತಿ ಒತ್ತಿ ಅಂತ ಬಾಯಿ ಬಡ್ಕೋತಿದ್ರಲ್ಲ," ಎಂದಳು ಚಿನ್ನಮ್ಮ, "ಯಾರಾದ್ರೂ ಒತ್ತಿದ್ರಾ?"

ಅಷ್ಟು ಹೇಳಿ ಅಲ್ಲೇ ಕುಸಿದು ಕೂತು ಅಳತೊಡಗಿದಳು. ನಾವೆಲ್ಲ ಅತ್ತೆವು.

ಆಫೀಸಿಗೆ ಬಂದಾಗ ಬೋಪಣ್ಣ ಸಾರ್ ಮುಖ ಸುಣ್ಣದಂತಿತ್ತು. ಲಲಿತಕ್ಕನ ಮುಂದೆ ನಿಂತಿದ್ದರು.

"ದಾಟಿತು ಅಂತ ಯಾಕೆ ಒತ್ತಿದ್ರಿ ಲಲಿತಾ?"

"ನಾನೆಲ್ಲಿ ಒತ್ತಿದೆ ಸಾರ್? ಬ್ಲಾಕ್ ನಂಬರ್ ಹಾಕ್ದೆ. ಸಂದೇಶ ಹೋಯ್ತು ಅಂತ ಬಂತು. ವಾಚರ್ ಇನ್ನೂ ಲೈನಲ್ಲೇ ಇದ್ದ, ಅವನ ಜೊತೆ ಮಾತಾಡ್ತಿದ್ದೆ. ದಾಟಿತೇ ಅಂತ ಅದು ಕೇಳಿದ್ದೇ ನಾನು ನೋಡಿಲ್ಲ."

ಅವರು ಕಣ್ಣೊರೆಸಿಕೊಂಡರು. ನಾನು ಫೋನಿನ ಸಂಪರ್ಕ ಕಿತ್ತುಹಾಕಿ, ಬೋಪಣ್ಣ ಸಾರ್‌ಗೆ ಸ್ಟೂಲ್ ಎಳೆದು ಕೊಟ್ಟು, "ಅಕ್ಕ, ಬೆಳಿಗ್ಗೆ ಮಾಡಿದ್ದನ್ನೇ ಇನ್ನೊಮ್ಮೆ ಮಾಡಿ" ಎಂದೆ. ಲಲಿತಕ್ಕ ನಂಬರ್ ಹಾಕಿದರು. ಟಪ್. ಬೆನ್ನಿಗೇ ಮೆತ್ತಗೆ ಇನ್ನೊಂದು ಟಪ್.

ಹೊಸಬರು ಇದನ್ನು ಗಮನವಿಟ್ಟು ಓದಿ. ಕೀಬೋರ್ಡಿಗೂ ಪ್ರೋಗ್ರಾಮಿಗೂ ನಡುವೆ ಒಂದು ಜಗಲಿ ಇದೆ. ಪ್ರೋಗ್ರಾಮ್ ಒಳಗೆ ಬೇರೆ ಕೆಲಸದಲ್ಲಿದ್ದಾಗ ಒತ್ತಿದ ಕೀಗಳು ಆ ಜಗಲಿಯಲ್ಲಿ ಕೂತು ಕಾಯುತ್ತವೆ, ಎಲ್ಲಿಗೂ ಹೋಗುವುದಿಲ್ಲ. ಎಚ್ಚರಿಕೆಯ ಕರೆ ಹೋಗಲು ಪ್ರೋಗ್ರಾಮ್ ಸ್ವಲ್ಪ ಹೊತ್ತು ತೆಗೆದುಕೊಂಡಿತು. ಅಷ್ಟು ಹೊತ್ತು ಲಲಿತಕ್ಕನ ಎರಡನೇ ಎಂಟರ್ ಜಗಲಿಯಲ್ಲಿ ಕೂತಿತ್ತು. ಬಾಗಿಲು ತೆರೆದು "ಆನೆ ದಾಟಿತೇ?" ಎಂದು ಕೇಳಿದ ಕೂಡಲೇ ಅದು ಎದ್ದು "ಹೌದು" ಎಂದಿತು. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಹುಟ್ಟಿತ್ತು.

ಬೋಪಣ್ಣ ಸಾರ್ ಪರದೆಯನ್ನು ನೋಡಿದರು, ಲಲಿತಕ್ಕನ ಬೆರಳು ನೋಡಿದರು.

"ಮಣಿಯ ಫೋನ್ ಎಲ್ಲಿ?" ಎಂದರು ಕೊನೆಗೆ.

"ಆನೆ ಕಾಲಡಿ ಹೋಯ್ತು ಸಾರ್. ಕೊನೇವರೆಗೂ ನಿಮ್ಮ ದನಿ ಕೆಲಸಕ್ಕೆ ಹೋಗಿ ಅಂತಾನೇ ಇತ್ತು."

ಅವರು ನಗಲಿಲ್ಲ. ನಾನೂ ನಗಲಿಲ್ಲ. ಲಲಿತಕ್ಕ ಮಾತ್ರ ಅಳುವಿನ ನಡುವೆಯೇ ಕಿಸಕ್ಕನೆ ನಕ್ಕರು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಮರುದಿನ ಚಿನ್ನಮ್ಮ ಆಫೀಸಿನ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. "ಮೇಡಂ, ನಂಗೆ ನಿಮ್ಮ ಕಂಪ್ಯೂಟರ್ ವಿಚಾರ ಬೇಡ. ಒಂದೇ ಮಾತು ಕೇಳ್ತೀನಿ. ಮುಂದೆ ಫೋನ್ ಬಂದು ಹೋಗಿ ಅಂದ್ರೆ, ನಾನು ಹೋಗ್ಲಾ, ಬೇಡ್ವಾ?"

ನನ್ನ ನೌಕರಿಯಲ್ಲಿ ಯಾವ ಮೇಲಧಿಕಾರಿಯೂ ಇಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ. "ಇವತ್ತು ಹೋಗ್ಬೇಡ. ಹೇಳೋ ದಿನ ನಾನೇ ಬಂದು ಹೇಳ್ತೀನಿ" ಎಂದೆ.

ಪ್ರೋಗ್ರಾಮನ್ನು ಬುಡದಿಂದ ಬರೆದೆ. ಬೋಪಣ್ಣ ಸಾರ್ ಈ ಸಲ ಹಿಂದೆ ನಿಂತು ನೋಡಿದರು, ಎರಡು ಸಲ ಕಾಫಿ ತರಿಸಿಕೊಟ್ಟರು. "ದಾಟಿತೇ" ಎಂದು ಕೇಳುವ ಮೊದಲು ಜಗಲಿಯಲ್ಲಿ ಕೂತಿರುವ ಕೀಗಳನ್ನೆಲ್ಲ ಗುಡಿಸಿ ಹೊರಗೆ ಹಾಕಿದೆ. ಬರೀ ಎಂಟರಿಗೆ ಯಾವ ಅರ್ಥವೂ ಇಲ್ಲ. ಹೌದು ಎಂದರೂ ಸಾಲದು. ಆನೆ ದಾಟಿದ ಬ್ಲಾಕಿನ ಹೆಸರನ್ನು ಪೂರ್ತಿಯಾಗಿ ಟೈಪ್ ಮಾಡಬೇಕು, ಒಂದಕ್ಷರ ತಪ್ಪಿದರೂ ಸಂದೇಶ ಹೊರಡದು. ಕೇಡಾಗದ ಕಡೆ ಬಳಸುವವರ ಕೆಲಸ ಹಗುರ ಮಾಡಿ. ಕೇಡಾಗುವ ಕಡೆ ಬೇಕೆಂದೇ ಭಾರ ಮಾಡಿ. ಎರಡನೇ ಸಂದೇಶಕ್ಕೆ ರೆಕಾರ್ಡ್ ಮಾಡಿದ ದನಿಯೂ ಬೇಡವೆಂದೆವು. ಹೆಸರು ಸರಿಯಾಗಿ ಟೈಪ್ ಆದರೆ ಕರೆ ಸೇರುತ್ತದೆ, ಲಲಿತಕ್ಕ ಸ್ವತಃ ಮಾತಾಡಬೇಕು. ಇದನ್ನು ಪರೀಕ್ಷೆ ಮಾಡಿದವರೂ ಅವರೇ. ಎರಡೆರಡು ಸಲ ಒತ್ತಿ, ಹತ್ತು ಸಲ ಒತ್ತಿ, ಒಮ್ಮೆ ಕೀಬೋರ್ಡಿನ ಮೇಲೆ ಊಟದ ಡಬ್ಬಿಯನ್ನೇ ಇಟ್ಟು ನೋಡಿದರು. ಕರ್ಸರ್ ಮಿಟುಕುತ್ತ ಹಾಗೇ ಕಾಯಿತು.

ಹೇಳಿದಂತೆ ನಾನು ಲೈನ್ ಮನೆಗೆ ಹೋಗಿ ಚಿನ್ನಮ್ಮನಿಗೆ ತಿಳಿಸಿದೆ: ಇನ್ನು ಹೋಗಿ ಎಂದು ಹೇಳುವುದು ಲಲಿತಕ್ಕನ ಬಾಯಿ ಮಾತ್ರ, ಬೇರೆ ಯಾರ ದನಿ ಬಂದರೂ ನಂಬಬೇಡ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಆಗ್ಲಿ" ಎಂದಳು.

ಕೆಲವೇ ದಿನಗಳಲ್ಲಿ ಕೆರೆಮೂಲೆಗೆ ಮತ್ತೆ ಆನೆ ಬಂತು. ಎಚ್ಚರಿಕೆ ಹೋಯಿತು, ಹೆಂಗಸರು ರಸ್ತೆಯಲ್ಲಿ ನಿಂತರು. ಸ್ವಲ್ಪ ಹೊತ್ತಿಗೆ ವಾಚರ್ ಫೋನ್ ಮಾಡಿದ.

"ಹೋದಂಗಿದೆ ಅಕ್ಕ."

"ಹೋಗಿದೆಯೋ, ಹೋದಂಗಿದೆಯೋ?"

"ಕಾಣ್ತಾ ಇಲ್ಲ."

ಲಲಿತಕ್ಕ ಬ್ಲಾಕಿನ ಹೆಸರು ಟೈಪ್ ಮಾಡತೊಡಗಿದರು. ಮಳೆ ಸುರಿದಂತೆ ಓಡುವ ಬೆರಳುಗಳು ಒಂದೊಂದೇ ಅಕ್ಷರ ಹುಡುಕುವ ಹೊಸಬರ ಬೆರಳಿನಂತೆ ನಡೆದವು. ಅರ್ಧ ಹೆಸರಿಗೆ ನಿಂತವು.

"ಸುಮಾ, ನೀನೇ ಹಾಕೇ."

"ಕಾಣ್ತಾ ಇಲ್ಲ ಅಂದ ಅಲ್ವಾ ಅಕ್ಕ ಅವನು?"

"ಹೂಂ. ಕಾಣ್ತಾ ಇಲ್ಲ ಅಂದ."

ಬೋಪಣ್ಣ ಸಾರ್ ಬಾಗಿಲಿಗೆ ಬಂದರು. ಕೊಯ್ಲು ತಡವಾಗುತ್ತಿತ್ತು, ಅದು ಅವರ ಮುಖದಲ್ಲೇ ಇತ್ತು. "ಇನ್ನೂ ಕಳಿಸ್ಲಿಲ್ವಾ?"

"ಅದು ಕೇಳ್ತಾ ಇದೆ ಸಾರ್," ಎಂದರು ಲಲಿತಕ್ಕ. "ನಂಗೆ ಗೊತ್ತಿಲ್ಲ."

ಅವರು ಪರದೆಯ ಮೇಲಿನ ಅರ್ಧ ಹೆಸರನ್ನು ನೋಡಿದರು. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು. ಮೂವರೂ ಕರ್ಸರ್ ನೋಡುತ್ತ ಕಾದೆವು. ಗಡಿಯಾರ ನೋಡಲು ಯಾರಿಗೂ ಧೈರ್ಯವಿರಲಿಲ್ಲ.

ಫೋನ್ ಬಡಿಯಿತು. ಲಲಿತಕ್ಕ ಸ್ಪೀಕರ್ ಹಾಕಿದರು. ವಾಚರ್ ಅಲ್ಲ, ಚಿನ್ನಮ್ಮ.

"ಲಲಿತಕ್ಕ, ನೀವಿನ್ನೂ ಹೇಳಿಲ್ಲ ಅಂತ ನಾವು ರಸ್ತೇಲೇ ಕೂತಿದೀವಿ."

"ಅಲ್ಲೇ ಇರಿ ಚಿನ್ನಮ್ಮ. ಒಳಗೆ ಹೋಗ್ಬೇಡಿ, ನಂಗೆ ಇನ್ನೂ..."

"ಗೊತ್ತಕ್ಕ, ಗೊತ್ತು. ಈಗ ಹೊರಗೆ ಬಂತು. ನನ್ನ ಸಾಲಿಂದಾನೇ ಬಂತು. ಕೆರೆ ಏರಿ ಮೇಲೆ ನಿಂತಿದೆ, ಮೈಮೇಲೆ ಮಣ್ಣು ಹಾಕ್ಕೋತಾ ಇದೆ." ಹಿಂದೆ ಯಾರೋ ಹೆಂಗಸರು ಪಿಸುಗುಟ್ಟುವುದು ಕೇಳಿಸಿತು. "ಅವತ್ತು ಟಾರ್ಪಾಲೊಳಗಿಂದ ನಂಗೆ ಏನೂ ಕಂಡಿರ್ಲಿಲ್ಲ. ಇಲ್ಲಿಂದ ನೋಡಿದ್ರೆ ಆನೆ ಚೆನ್ನಾಗೇ ಇದೆ ಅಕ್ಕ."